ವಿಷಕ್ಕೆ ಜಗ್ಗದ ತಟ್ಟೆಗಳು

ನನ್ನ ಚಿಕ್ಕಪ್ಪನನ್ನು ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಅವನು ತಿರುಗಿ ಕೇಳುವುದು, "ಮನೇಲಾ, ಕೆಲಸದಲ್ಲಾ?" ಎಂದು. ಮನೆಯ ಲೆಕ್ಕ ಸುಲಭ. ಒಬ್ಬಳೇ ಮಗಳು, ಮದುವೆಯಾಗಿ ಪಕ್ಕದ ಬೀದಿಯಲ್ಲಿದ್ದಾಳೆ, ಬೇಕಾದಾಗಲೂ ಬೇಡವಾದಾಗಲೂ ಬಂದುಹೋಗುತ್ತಾಳೆ. ಕೆಲಸದ ಲೆಕ್ಕ ಮಾತ್ರ ಯಾರಿಗೂ ಸಿಕ್ಕಿಲ್ಲ. ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಲಕ್ಷಗಟ್ಟಲೆ ಇರುತ್ತವೆ, ಅವೂ ದಿನಬಿಟ್ಟು ದಿನ ಹೆಚ್ಚುತ್ತಿರುತ್ತವೆ.

ಅವನು ಜೀವಕೋಶ ಸಾಕುವವನು. ಪಾರಿವಾಳ ಸಾಕುವವರು, ಮೀನು ಸಾಕುವವರು ಇರುವ ಹಾಗೆಯೇ ಇದೂ ಒಂದು ಸಾಕಣೆ, ಪಾರಿವಾಳಕ್ಕಿಂತ ಗಲಾಟೆ ಕಡಿಮೆ ಎನ್ನುತ್ತಾನೆ. ಸಂಶೋಧನಾ ಸಂಸ್ಥೆಯೊಂದರ ಮೂರನೇ ಮಹಡಿಯಲ್ಲಿ ಅವನ ಕೋಣೆ. ಕಿಟಕಿ ತೆರೆಯುವಂತಿಲ್ಲ, ಚಪ್ಪಲಿ ಹಾಕಿಕೊಂಡು ಒಳಗೆ ಬರುವಂತಿಲ್ಲ, ಸೀನುವಂತಂತೂ ಮೊದಲೇ ಇಲ್ಲ. ಒಳಗೆ ಒಂದು ಸೂಕ್ಷ್ಮದರ್ಶಕ, ಒಂದು ಫ್ರಿಜ್ಜು, ಗಾಜಿನ ಮುಂಬಾಗಿಲಿನ ಒಂದು ಮೇಜು, ಮತ್ತು ಮೈಯ ಶಾಖದಷ್ಟೇ ಬೆಚ್ಚಗಿರುವ ಒಂದು ಉಕ್ಕಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ತಟ್ಟೆಗಳು, ತಟ್ಟೆಗಳೊಳಗೆ ಕೋಶಗಳು. ಯಾವುದೋ ಕಾಲದಲ್ಲಿ ಯಾವುದೋ ಇಲಿಯ ಗಡ್ಡೆಯಿಂದ ತೆಗೆದವು. ಇಲಿ ಸತ್ತು ಎಷ್ಟೋ ವರ್ಷವಾಗಿದೆ, ಇವು ಮಾತ್ರ ಚಿಕ್ಕಪ್ಪನ ಕೈಯಲ್ಲಿ ತಿಂದುಂಡು ಸುಖವಾಗಿವೆ.

ಅವಕ್ಕೆ ಊಟ ಗುಲಾಬಿ ಬಣ್ಣದ ಒಂದು ದ್ರವ. ಅದಕ್ಕೆ ಕುದುರೆಯ ಸೀರಮ್ ಬೆರೆಸುತ್ತಾರೆ. ಸೀರಮ್ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಎಳೆಹಳದಿ ತಿಳಿ, ಬಹಳ ತುಟ್ಟಿ. ಚಿಕ್ಕಪ್ಪನ ಪ್ರಕಾರ ಗುಲಾಬಿ ದ್ರವ ಬರೀ ಬ್ರೆಡ್ಡು, ಸೀರಮ್ ಅದರ ಮೇಲಿನ ಬೆಣ್ಣೆ. ಬೆಣ್ಣೆ ಇಲ್ಲದೆ ಬ್ರೆಡ್ಡು ಕೊಡುವುದು ಅವನ ಪ್ರಕಾರ ಊಟ ಹಾಕುವುದಲ್ಲ, ಮರ್ಯಾದೆ ತೆಗೆಯುವುದು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಯಾರಾದರೂ ಹಸಿದಿದ್ದಾರೆ ಎಂದರೆ ಚಿಕ್ಕಪ್ಪನಿಗೆ ಕೈಕಾಲು ಆಡುವುದಿಲ್ಲ. ಮೀಟರ್ ನೋಡಲು ಬಂದವನಿಗೆ ಬಾಳೆಹಣ್ಣು ಕೊಡುತ್ತಾನೆ. ರಾಂಗ್ ನಂಬರ್ ಬಂದರೂ ಫೋನ್ ಇಡುವ ಮುಂಚೆ "ಊಟ ಆಯ್ತಾ?" ಎನ್ನುತ್ತಾನೆ. ಮಗಳು ಚಿಕ್ಕವಳಾಗಿದ್ದಾಗ ವೈದ್ಯರು ಹೊಟ್ಟೆಕೆಟ್ಟಿದೆ, ಒಂದು ದಿನ ಏನೂ ಕೊಡಬೇಡಿ ಎಂದಿದ್ದರು. ಇವನು ಬಚ್ಚಿಟ್ಟುಕೊಂಡು ಬಿಸ್ಕತ್ತು ಕೊಟ್ಟ. ಹಿಡಿದು ಕೇಳಿದರೆ, "ಬಿಸ್ಕತ್ತು ಕೊಡೋದು ಏನಾದ್ರೂ ಕೊಟ್ಟ ಹಾಗಾ?" ಎಂದನಂತೆ. ಚಿಕ್ಕಮ್ಮ ಈ ಮಾತನ್ನು ಇವತ್ತಿಗೂ ಮರೆತಿಲ್ಲ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಬಟ್ಟೆ ಕತ್ತರಿಸುವಾಗ ಕತ್ತರಿಯೂ ನಾಲಿಗೆಯೂ ಒಟ್ಟಿಗೆ ಓಡುತ್ತವೆ, ಎರಡರಲ್ಲಿ ಯಾವುದು ಮೊದಲು ಮೊಂಡಾಗುತ್ತದೆ ನೋಡೋಣ ಎಂದು ನಾವು ಕಾಯುತ್ತಿದ್ದೇವೆ.

ಚಿಕ್ಕಪ್ಪನ ಸಂಸ್ಥೆಯಲ್ಲಿ ಆಗ ನಡೆಯುತ್ತಿದ್ದದ್ದು ಧನುರ್ವಾಯುವಿನ ವಿಷದ ಮೇಲಿನ ಕೆಲಸ. ತುಕ್ಕುಹಿಡಿದ ಮೊಳೆ ತುಳಿದರೆ ಸೂಜಿ ಹಾಕಿಸಿಕೊಳ್ಳಿ ಎನ್ನುತ್ತಾರಲ್ಲ, ಆ ರೋಗಾಣು ಉತ್ಪಾದಿಸುವ ವಿಷ. ಕೆಲಸ ಮಾಡುತ್ತಿದ್ದವಳು ಮೂವತ್ತರ ಆಸುಪಾಸಿನ ಒಬ್ಬ ಸಂಶೋಧಕಿ. ಚಿಕ್ಕಪ್ಪ ಅವಳನ್ನು "ನಮ್ಮ ಹುಡುಗಿ" ಎನ್ನುತ್ತಿದ್ದ. ಅವಳ ಮೇಲೊಬ್ಬ ಪ್ರೊಫೆಸರು. ಪ್ರತಿ ವಾಕ್ಯಕ್ಕೂ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಅವರಿಗೆ. ಮುಂದೆ ಬರುವ ಮಾತು ಅಷ್ಟು ತೂಕದ್ದು ಎಂದು ಕೇಳುವವರಿಗೆ ಮೊದಲೇ ಎಚ್ಚರಿಕೆ ಕೊಟ್ಟ ಹಾಗೆ.

ವಿಷ ಏನು ಮಾಡುತ್ತದೆ ಎಂಬುದನ್ನು ಚಿಕ್ಕಪ್ಪ ನಮಗೆ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಟ್ಟು ವಿವರಿಸಿದ್ದ. ಈ ಕೋಶಗಳು ನರಗಳ ದಾಯಾದಿಗಳು. ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಒಂದು ರಸ ಬಿಡುತ್ತದೆ. ಆ ರಸವನ್ನು ಕೋಶ ಸಣ್ಣಸಣ್ಣ ಚೀಲಗಳಲ್ಲಿ ಕಟ್ಟಿಟ್ಟುಕೊಂಡಿರುತ್ತದೆ. ಪೊಟ್ಯಾಶಿಯಮ್ ಉಪ್ಪಿನ ನೀರು ಹಾಕಿದರೆ ಕೋಶ ಬೆಚ್ಚುತ್ತದೆ, ಚೀಲಗಳು ಗೋಡೆಗೆ ಅಂಟಿಕೊಂಡು ಬಾಯಿ ಬಿಡುತ್ತವೆ, ರಸ ಹೊರಗೆ ಸುರಿಯುತ್ತದೆ. ಎಷ್ಟು ಸುರಿಯಿತು ಎಂದು ಯಂತ್ರ ಅಳೆಯುತ್ತದೆ. ಚೀಲವನ್ನು ಗೋಡೆಗೆ ಎಳೆದು ಕಟ್ಟುವ ಒಂದು ದಾರ ಇದೆಯಲ್ಲ, ವಿಷ ಒಳಗೆ ಹೋಗಿ ಅದನ್ನು ಕತ್ತರಿಸಿಬಿಡುತ್ತದೆ. ಕೋಶ ಸಾಯುವುದಿಲ್ಲ. ಚೀಲದ ತುಂಬ ರಸ ಇರುತ್ತದೆ. ಎಷ್ಟು ಬೆಚ್ಚಿಸಿದರೂ ಹೊರಗೆ ಮಾತ್ರ ಬರುವುದಿಲ್ಲ.

"ಹೇಳೋಕೆ ಬೇಕಾದಷ್ಟಿದೆ, ಬಾಯಿ ಬರ್ತಾ ಇಲ್ಲ. ಅಷ್ಟೇ" ಎಂದು ಚಿಕ್ಕಪ್ಪ ಮುಗಿಸಿದ.

ಚಿಕ್ಕಮ್ಮ ಅಳತೆಪಟ್ಟಿ ಸುತ್ತುತ್ತ, "ಮೂವತ್ತು ವರ್ಷದಿಂದ ಇಂಥದ್ದೇ ಒಂದನ್ನ ಮನೇಲಿ ಸಾಕ್ತಿದ್ದೀನಿ. ನನಗ್ಯಾರೂ ಸಂಬಳ ಕೊಡ್ಲಿಲ್ಲ" ಎಂದಳು.

ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಚಿಕ್ಕಪ್ಪ ಕೋಶ ಬೆಳೆಸಿ ಕೊಡುತ್ತಿದ್ದ, ಹುಡುಗಿ ಅವನ್ನು ಕೆಳಗಿನ ಮಹಡಿಗೆ ಒಯ್ದು, ಹಳೆಯ ಊಟ ತೊಳೆದು, ಸೀರಮ್ ಇಲ್ಲದ ಬರೀ ದ್ರವದಲ್ಲಿಟ್ಟು ವಿಷ ಹಾಕುತ್ತಿದ್ದಳು. ಎರಡು ದಿನ ಹಾಗೇ ಬಿಟ್ಟು ಅಳೆದರೆ ವಿಷ ಹಾಕಿದ ತಟ್ಟೆಗಳು ಮೌನ, ಹಾಕದವು ಮಾತಾಳಿ. ಸೀರಮ್ ಯಾಕಿರಬಾರದು ಎಂಬುದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವಳಿಗೆ ಕಲಿಸಿದವರು ಹಾಗೆ ಮಾಡುತ್ತಿದ್ದರು, ಅವರಿಗೆ ಕಲಿಸಿದವರೂ ಹಾಗೇ ಮಾಡಿರಬೇಕು. ವಿಜ್ಞಾನದಲ್ಲಿಯೂ ಅತ್ತೆಯಿಂದ ಸೊಸೆಗೆ ಬರುವ ಪದ್ಧತಿಗಳಿವೆ.

ಒಂದು ದಿನ ಕೆಳಗಿನ ಮಹಡಿಯ ಬೆಚ್ಚನೆಯ ಪೆಟ್ಟಿಗೆ ಕೆಟ್ಟುಹೋಯಿತು. ರಿಪೇರಿಯವನು ಬಂದು ನೋಡಿ, ತಲೆಯಾಡಿಸಿ, ಬಿಡಿಭಾಗ ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಹುಡುಗಿ ತನ್ನ ವಿಷದ ತಟ್ಟೆಗಳನ್ನೆಲ್ಲ ಚಿಕ್ಕಪ್ಪನ ಪೆಟ್ಟಿಗೆಗೆ ಸಾಗಿಸಿದಳು. ಚಿಕ್ಕಪ್ಪ ಮೇಲಿನ ಎರಡು ಅರೆಗಳನ್ನು ಖಾಲಿಮಾಡಿ ಕೊಟ್ಟ. ನೆಂಟರು ಬಂದಾಗ ಹಾಸಿಗೆ ಬಿಟ್ಟುಕೊಡುತ್ತೇವಲ್ಲ, ಅಷ್ಟೇ ಸಂಭ್ರಮದಲ್ಲಿ.

ಆಮೇಲಿನ ಸಲ ಅಳೆದಾಗ ವಿಷ ಹಾಕಿದ ತಟ್ಟೆಗಳು ಸುರಿದವು. ಹಾಕದವೂ ಸುರಿದವು. ಎರಡೂ ಸಮ. ಹುಡುಗಿ ಯಂತ್ರದ ಮುಂದೆ ಕೂತು ಕನ್ನಡಕ ಒರೆಸಿಕೊಂಡಳು. ಕನ್ನಡಕ ಶುಭ್ರವಾಯಿತು, ಅಂಕಿ ಹಾಗೇ ಉಳಿಯಿತು.

ವಿಷ ಹಳಸಿರಬೇಕೆಂದು ಹೊಸದು ತರಿಸಿದರು. ಆಗಲಿಲ್ಲ. ಉಪ್ಪಿನ ನೀರು ಹೊಸದಾಗಿ ಮಾಡಿದರು. ಆಗಲಿಲ್ಲ. ಯಂತ್ರ ಬಿಚ್ಚಿ ಜೋಡಿಸಿದರು. ಒಂದು ಸ್ಕ್ರೂ ಉಳಿಯಿತು, ಅದರ ಚಿಂತೆ ಬೇರೆ. ಹುಡುಗಿ ಚಿಕ್ಕಪ್ಪನ ಪಕ್ಕದಲ್ಲೇ ನಿಂತು, ತೊಳೆಯುವುದರಿಂದ ಹಿಡಿದು ವಿಷ ಹಾಕುವವರೆಗೆ ಎಲ್ಲವನ್ನೂ ತಾನೇ ಮಾಡಿ, ತಟ್ಟೆಗಳನ್ನು ಅವನ ಕೈಗೆ ಕೊಟ್ಟು, ಕೈಗವಸು ಬಿಚ್ಚಿ ಮನೆಗೆ ಹೋದಳು. ಎರಡು ದಿನದ ಮೇಲೆ ನೋಡಿದರೆ ಮತ್ತೆ ಸಮ. ಅವಳಿಗೆ ಈಗ ತನ್ನ ಕೈಯ ಮೇಲೇ ಅನುಮಾನ ಶುರುವಾಯಿತು. ಮನೆಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಅರ್ಧದಾರಿಯಿಂದ ವಾಪಸು ಹೋಗಿ ನೋಡುವಷ್ಟು.

ಪ್ರೊಫೆಸರು ಬಂದರು. ಕೋಣೆಯ ಮಧ್ಯದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ಏನ್ ಮಾಡ್ತಿದ್ದೀರಿ ನೀವು ಈ ರೂಮಲ್ಲಿ?" ಎಂದರು.

ಚಿಕ್ಕಪ್ಪ, "ಸಾಕ್ತಿದ್ದೀನಿ ಸರ್" ಎಂದ.

ಕೆಳಗೆ ಸರಿಯಿದ್ದದ್ದು ಇಲ್ಲಿ ಕೆಟ್ಟಿತೆಂದರೆ ಕೆಟ್ಟಿರುವುದು ಈ ಕೋಣೆಯೇ ಎಂದು ಅವರ ತೀರ್ಮಾನ. ಗಾಳಿಯಲ್ಲೇನೋ ಇದೆ, ಇಲ್ಲವೇ ನೀರಿನಲ್ಲಿ, ಇಲ್ಲವೇ, ಅವರು ಚಿಕ್ಕಪ್ಪನ ಬಿಳಿಗೂದಲನ್ನೊಮ್ಮೆ ನೋಡಿದರು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೋಣೆ ಮುಚ್ಚುವುದು, ಹೊಸ ಕೋಣೆ ಹೊಸಬರ ಕೈಗೆ, ಚಿಕ್ಕಪ್ಪ ನೆಲಮಾಳಿಗೆಯಲ್ಲಿ ಸೀಸೆ ತೊಳೆಯುವ ವಿಭಾಗಕ್ಕೆ. ಸಂಬಳ ಅದೇ. ಅಲ್ಲಿ ಊಟ ಹಾಕಲು ಮಾತ್ರ ಏನೂ ಇಲ್ಲ, ಸೀಸೆಗಳು ಉಣ್ಣುವುದಿಲ್ಲ.

ಆ ವಾರ ಚಿಕ್ಕಪ್ಪ ಸೊರಗಿದ. ತುತ್ತು ಬಾಯಿಗಿಟ್ಟು ಅಗಿಯುವುದನ್ನು ಮರೆಯುತ್ತಿದ್ದ. "ನಾನು ಹೋದ್ರೆ ಅವನ್ನ ಯಾರು ನೋಡ್ಕೋತಾರೆ?" ಎಂದು ನನ್ನನ್ನು ಕೇಳಿದ. ಕೋಶಗಳಿಗೆ ಯಾರು ಊಟ ಹಾಕಿದರೂ ಒಂದೇ ಅಲ್ಲವೇ ಎಂದು ನಾನು ಸಮಾಧಾನ ಹೇಳಿದೆ. ಅವನು ನನ್ನನ್ನು ನೋಡಿದ ರೀತಿಗೆ ನಾನು ಎದ್ದು ನೀರು ಕುಡಿದು ಬಂದೆ.

ಕೋಣೆಗೆ ಬೀಗ ಬೀಳುವ ಮುಂಚೆ ಇನ್ನೊಂದು ವಿಚಿತ್ರ ನಡೆಯಿತು. ಪ್ರೊಫೆಸರು ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಅವರಿಗೆ ಹೊಳೆಯಿತಂತೆ, ಕೋಣೆ ಕೆಟ್ಟಿಲ್ಲ, ಕೋಶಗಳು ಕಲಿತಿವೆ ಎಂದು. ವಿಷದ ಜೊತೆ ಬದುಕಿ ಬದುಕಿ ಅದನ್ನು ತಡೆಯುವುದು ಹೇಗೆಂದು ಕಂಡುಕೊಂಡಿವೆ. ಜಗತ್ತಿನಲ್ಲಿ ಎಲ್ಲೂ ಇಲ್ಲದ ಕೋಶಗಳು ತನ್ನ ಸಂಸ್ಥೆಯ ಮೂರನೇ ಮಹಡಿಯಲ್ಲಿ ಹುಟ್ಟಿವೆ. ಅವರು ಅರ್ಧ ಗಡ್ಡದಲ್ಲೇ ಫೋನ್ ಮಾಡಿದ್ದರೆಂದು ಹುಡುಗಿ ಹೇಳಿದಳು. ಫೋನಿನಲ್ಲಿ ಅರ್ಧ ಗಡ್ಡ ಹೇಗೆ ಕಂಡಿತೋ ನಾನು ಕೇಳಲಿಲ್ಲ.

ಮತ್ತೆ ಬಂದು ಅದೇ ಜಾಗದಲ್ಲಿ ನಿಂತು ಚಿಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟು, "ಏನ್ ಮಾಡ್ತಿದ್ದೀರಿ ನೀವು ಈ ರೂಮಲ್ಲಿ!" ಎಂದರು. ಮಾತು ಹಿಂದಿನದೇ, ರಾಗ ಬೇರೆ. ಚಿಕ್ಕಪ್ಪನಿಗೆ ಏನು ಉತ್ತರ ಕೊಡಬೇಕೋ ತಿಳಿಯದೆ ಹಿಂದಿನ ಉತ್ತರವನ್ನೇ ಕೊಟ್ಟ. ಪ್ರೊಫೆಸರು ಅದನ್ನು ದೊಡ್ಡ ವಿನಯವೆಂದು ತಿಳಿದು ಪಕ್ಕದಲ್ಲಿದ್ದವರಿಗೆ ತೋರಿಸಿದರು. ಕೋಣೆ ಉಳಿಯಿತು. ಬಾಗಿಲಿಗೆ ಹೊಸ ಬಣ್ಣ ಬಂತು. ದೊಡ್ಡ ಸಭೆಯೊಂದರಲ್ಲಿ ಪ್ರೊಫೆಸರು ಇದರ ಬಗ್ಗೆ ಮಾತಾಡುವುದೆಂದೂ, ಪರದೆಯ ಮೇಲೆ ಚಿಕ್ಕಪ್ಪನ ಫೋಟೋ ತೋರಿಸುವುದೆಂದೂ ನಿಶ್ಚಯವಾಯಿತು. ಚಿಕ್ಕಮ್ಮ ಅಂಗಡಿಗೆ ಬಂದವರಿಗೆಲ್ಲ ತೋಳಿನ ಅಳತೆ ತೆಗೆಯುತ್ತ, "ನಮ್ಮನೆಯವರ ಕೈಗುಣಕ್ಕೆ ವಿಷಾನೂ ನಿಲ್ಲಲ್ವಂತೆ" ಎಂದು ಹೇಳತೊಡಗಿದಳು. ಪಾಪ, ಆ ಜನ ತೋಳು ಚಾಚಿ ನಿಂತಿರುವಾಗ ಓಡಿಹೋಗುವಂತೆಯೂ ಇರಲಿಲ್ಲ.

ಚಿಕ್ಕಪ್ಪ ಖುಷಿಯಾಗಿದ್ದನೇ? ಗೊತ್ತಿಲ್ಲ. ತಾನೇನು ಮಾಡಿದೆನೆಂದು ಅವನಿಗೇ ಅರ್ಥವಾಗದೆ ಕಕ್ಕಾಬಿಕ್ಕಿಯಾಗಿದ್ದ. ಹೊಗಳಿಕೆ ಬೇರೆಯವರಿಗೆ ಬಂದ ಪಾರ್ಸೆಲ್ ಎಂಬಂತೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಹೀಗಿರುವಾಗ ಒಂದು ಭಾನುವಾರ ಚಿಕ್ಕಮ್ಮನ ಅಂಗಡಿಗೆ ಕುದುರೆಯವನು ಬಂದ. ಊರಂಚಿನ ಕುದುರೆ ಸವಾರಿ ಶಾಲೆಯಲ್ಲಿ ಕುದುರೆ ನೋಡಿಕೊಳ್ಳುವವನು, ಅಂಗಿಯ ತೋಳು ಹರಿದಿತ್ತು. ನಾನು ಗುಂಡಿ ಹಾಕಿಸಲು ಕೂತಿದ್ದೆ, ಚಿಕ್ಕಪ್ಪ ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಕುದುರೆ ಕಚ್ಚಿತೇ ಎಂದು ಚಿಕ್ಕಮ್ಮ ಕೇಳಿದಳು. ಸೂಜಿಯ ದಿನ ಹಾಗೇ, ಎಲ್ಲ ಕುದುರೆಗಳಿಗೂ ಪ್ರತಿವರ್ಷ ಧನುರ್ವಾಯುವಿನ ಲಸಿಕೆ ಹಾಕಿಸಬೇಕು, ಹಿಡಿದುಕೊಳ್ಳುವವರ ಅಂಗಿ ಉಳಿಯುವುದಿಲ್ಲ ಎಂದ ಅವನು. ಪ್ರಾಣಿಗಳಲ್ಲೆಲ್ಲ ಕುದುರೆಗೇ ಆ ರೋಗ ಬೇಗ ತಗಲುವುದಂತೆ.

ಚಿಕ್ಕಪ್ಪನ ದಾರ ಸೂಜಿಯ ಕಣ್ಣಿನ ಹತ್ತಿರ ನಿಂತುಬಿಟ್ಟಿತು.

"ಆ ಸೂಜಿ ಹಾಕಿದ್ಮೇಲೆ ಅದು ರಕ್ತದಲ್ಲಿ ಇರುತ್ತಾ?" ಎಂದು ಕೇಳಿದ.

"ಯಾವುದು?"

"ವಿಷಾನ ತಡೆಯೋದು."

"ಇರ್ದೆ ಇನ್ನೆಲ್ಲಿ ಹೋಗುತ್ತೆ ಸ್ವಾಮಿ? ವರ್ಷವಿಡೀ ಇರ್ಲಿ ಅಂತ್ಲೇ ಅಲ್ವಾ ನನ್ನ ಅಂಗಿ ಹರಿಸ್ಕೊಳ್ಳೋದು."

ಚಿಕ್ಕಪ್ಪ ಸೂಜಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟ. ದಾರವನ್ನು ಮಾತ್ರ ತಾನೇ ಹಿಡಿದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ನಾನು ಹೋಗಿ ನೋಡಿದರೆ ಅಡುಗೆಮನೆಯಲ್ಲಿ ನಿಂತು ಆ ದಾರವನ್ನೇ ನೋಡುತ್ತಿದ್ದ.

"ಕುದುರೆ ಲಸಿಕೆ ಹಾಕಿಸ್ಕೊಂಡಿದ್ರೆ ಅದರ ಸೀರಮ್ಮಲ್ಲೂ ಇರುತ್ತಲ್ವಾ?" ಎಂದ.

ಇರಬಹುದು ಎಂದೆ. ಆದರೆ ವಿಷದ ತಟ್ಟೆಗಳಿಗೆ ಸೀರಮ್ ಹಾಕುವುದಿಲ್ಲವಲ್ಲ, ತೊಳೆದು ತೆಗೆಯುತ್ತಾರಲ್ಲ ಎಂದೂ ನನಗೆ ತಿಳಿದಷ್ಟು ಸೇರಿಸಿದೆ.

"ಹಾಕಲ್ಲ. ಯಾರೂ ಹಾಕಲ್ಲ" ಎಂದ ಚಿಕ್ಕಪ್ಪ. ಆಮೇಲೆ ಬಹಳ ಮೆತ್ತಗೆ, "ಆದ್ರೆ ಎರಡು ದಿನ ಬರೀ ಬ್ರೆಡ್ಡಲ್ಲಿ ಹೇಗಿರ್ತವೆ ಅಂತ, ಬಾಗಿಲು ಮುಚ್ಚೋ ಮುಂಚೆ ಒಂದೊಂದಕ್ಕೂ ನಾಲ್ಕು ಹನಿ ಬಿಡ್ತಿದ್ದೆ. ಅದು ಹಾಕಿದ ಹಾಗಾ?" ಎಂದ.

ಹಿಂದೊಮ್ಮೆ ಬಿಸ್ಕತ್ತಿನ ವಿಷಯದಲ್ಲಿ ಕೇಳಿದ ಪ್ರಶ್ನೆಯೇ ಇದು. ಆದರೆ ಈ ಸಲ ಅವನು ನಿಜವಾಗಿಯೂ ಉತ್ತರಕ್ಕಾಗಿ ಕೇಳುತ್ತಿದ್ದ.

ಹೇಳಿದರೆ ಕೋಣೆ ಹೋಗುತ್ತದೆ. ಕೈಗುಣ ಹೋಗುತ್ತದೆ, ಫೋಟೋ ಹೋಗುತ್ತದೆ, ಅದೆಲ್ಲ ಹೋದರೆ ಹೋಗಲಿ, ಕೋಣೆ ಹೋಗುತ್ತದೆ. ಹೇಳದಿದ್ದರೆ ನಮ್ಮ ಹುಡುಗಿ ಇನ್ನೂ ಎಷ್ಟು ಕಾಲ ಕನ್ನಡಕ ಒರೆಸಿಕೊಳ್ಳುತ್ತಿರಬೇಕು? ಇದನ್ನು ಚಿಕ್ಕಪ್ಪ ನನಗೆ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತನ್ನ ತಟ್ಟೆಯನ್ನು ಒಮ್ಮೆ ಹತ್ತಿರಕ್ಕೆ, ಒಮ್ಮೆ ದೂರಕ್ಕೆ ಸರಿಸುತ್ತಿದ್ದ, ಅಷ್ಟೇ.

ಮಾರನೆಯ ದಿನ ಅವನು ಹುಡುಗಿಯ ಮುಂದೆ ಹೋಗಿ ನಿಂತ. ಬಾಯಿ ಬರಲಿಲ್ಲ. ಚೀಲಗಳೆಲ್ಲ ತುಂಬಿದ್ದವು, ದಾರ ಯಾರೋ ಕತ್ತರಿಸಿದ ಹಾಗಿತ್ತು. ಕೊನೆಗೆ ಹೊರಟದ್ದೂ ಹಿಂದುಮುಂದಾಗಿ. ಮುಂದಿನ ಮಾತು ಆ ಹುಡುಗಿಯೇ ನನಗೆ ನಟಿಸಿ ತೋರಿಸಿದ್ದು.

"ಒಂದು ಕುದುರೆ ವಿಷಯ ಹೇಳ್ಬೇಕಿತ್ತಮ್ಮ."

"ಯಾವ ಕುದುರೆ ಅಂಕಲ್?"

"ಅಂಗಿ ಹರೀತಲ್ಲ, ಆ ಕುದುರೆ."

"ಯಾರ ಅಂಗಿ?"

"ಅಂಗಿ ಮುಖ್ಯ ಅಲ್ಲ. ಬಿಸ್ಕತ್ತು ಕೊಟ್ಟಿದ್ದು ನಾನು."

ಹುಡುಗಿ ಅವನಿಗೆ ಜ್ವರವೇನೋ ಎಂದು ಕುರ್ಚಿ ಎಳೆದು ಕೂರಿಸಿದಳು. ಅವನು ಕೂರದೆ, ಅವಳ ಕೈಹಿಡಿದು ಕೋಣೆಗೆ ಕರೆದುಕೊಂಡು ಹೋಗಿ, ಫ್ರಿಜ್ಜಿನಿಂದ ಸೀರಮ್ ತೆಗೆದು, ಒಂದು ಖಾಲಿ ತಟ್ಟೆಗೆ ನಾಲ್ಕು ಹನಿ ಬಿಟ್ಟು ತೋರಿಸಿದ. "ದಿನಾ ಹೀಗೆ" ಎಂದ. ಅವಳು ಹನಿ ನೋಡಿದಳು, ಅವನನ್ನು ನೋಡಿದಳು, ಸೀಸೆಯ ಮೇಲೆ ಬರೆದಿದ್ದ ಕುದುರೆ ಎಂಬ ಮಾತನ್ನು ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದಳು. ನಗುವಿನ ಮಧ್ಯೆ ಅತ್ತಳೋ ಅಳುವಿನ ಮಧ್ಯೆ ನಕ್ಕಳೋ ಚಿಕ್ಕಪ್ಪನಿಗೆ ಗೊತ್ತಾಗದೆ, ಜೇಬಿನಿಂದ ಬಾಳೆಹಣ್ಣು ತೆಗೆದುಕೊಟ್ಟ. ಆ ಕೋಣೆಯಲ್ಲಿ ತಿನ್ನುವುದು ನಿಷಿದ್ಧ. ಇಬ್ಬರೂ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಅವಳು ಎಲ್ಲ ತಟ್ಟೆಗಳಿಗೂ ವಿಷ ಹಾಕಿ, ಒಂದು ಸಾಲಿಗೆ ಹನಿ ಬಿಟ್ಟು, ಒಂದು ಸಾಲನ್ನು ಹಾಗೇ ಇಟ್ಟು ಪರೀಕ್ಷಿಸಿದಳು. ಪೆಟ್ಟಿಗೆಗೆ ಬೀಗ ಹಾಕಿ ಬೀಗದಕೈ ತನ್ನ ಹತ್ತಿರ ಇಟ್ಟುಕೊಂಡಳು. ಹನಿ ಬಿದ್ದವು ಸುರಿದವು, ಬೀಳದವು ಮೌನ. ಆ ಕೋಣೆಗೆ ಕಾಲಿಡುವ ಪ್ರತಿಯೊಬ್ಬರಿಗೂ, ಪ್ರೊಫೆಸರಿಂದ ಹಿಡಿದು ನೆಲ ಒರೆಸುವವಳವರೆಗೆ, ಧನುರ್ವಾಯುವಿನ ಲಸಿಕೆ ಕಡ್ಡಾಯವಾಗಿತ್ತು. ಲಸಿಕೆ ಇಲ್ಲದಿರುವುದು ಕೋಶಗಳಿಗೆ ಮಾತ್ರ ಎಂದು ಎಲ್ಲರೂ ನಂಬಿದ್ದರು. ಚಿಕ್ಕಪ್ಪ ಅವಕ್ಕೂ ಹಾಕಿಸಿಬಿಟ್ಟಿದ್ದ, ಕುದುರೆಯ ಲೆಕ್ಕದಲ್ಲಿ.

ಪ್ರೊಫೆಸರಿಗೆ ಹೇಳಲು ಇಬ್ಬರೂ ಒಟ್ಟಿಗೆ ಹೋದರು. ಅವರು ಪೂರ್ತಿ ಕೇಳಿದರು. ಗಂಟಲು ಸರಿಮಾಡಿಕೊಂಡರು. ಇನ್ನೊಮ್ಮೆ ಸರಿಮಾಡಿಕೊಂಡರು. ಸಭೆಗಾಗಿ ಹೊಲಿಯಲು ಕೊಟ್ಟಿದ್ದ ಹೊಸ ಕೋಟು ಅವರ ಕಣ್ಣಮುಂದೆ ಬಂದುಹೋಗಿರಬೇಕು. ಕೊನೆಗೆ, "ನನಗೆ ಮೊದಲಿಂದಲೂ ಆ ಸೀರಮ್ ಮೇಲೆ ಒಂದು ಅನುಮಾನ ಇತ್ತು" ಎಂದರು. ಹುಡುಗಿ ಹೌದು ಸರ್ ಎಂದಳು. ಚಿಕ್ಕಪ್ಪನೂ ಹೌದು ಸರ್ ಎಂದ. ಅನುಮಾನ ಇದ್ದರೆ ಮೊದಲೇ ಹೇಳಬಾರದಿತ್ತೇ ಎಂದು ಅವನು ಮನಸ್ಸಿನಲ್ಲಿ ನಿಜವಾಗಿಯೂ ಗಲಿಬಿಲಿಗೊಂಡಿದ್ದ, ಇವತ್ತಿಗೂ ನನ್ನನ್ನು ಕೇಳುತ್ತಾನೆ.

ಸೀಸೆ ತೊಳೆಯುವ ವಿಭಾಗದ ಮಾತು ಮತ್ತೆ ಎದ್ದಿತು. ಈ ಸಲ ಅಡ್ಡ ಬಂದವಳು ಹುಡುಗಿ. ಕೋಶಗಳಿಗೆ ಇಷ್ಟು ಅಕ್ಕರೆಯಿಂದ ಊಟ ಹಾಕುವವರು ಬೇರೆ ಸಿಗುವುದಿಲ್ಲ, ವಿಷ ಹಾಕಿದ ಮೇಲಿನ ಎರಡು ದಿನ ಮಾತ್ರ ಇವರನ್ನು ದೂರ ಇಟ್ಟರೆ ಸಾಕು ಎಂದಳು. ಹಾಗೇ ಆಯಿತು. ಕೋಣೆ ಚಿಕ್ಕಪ್ಪನದೇ. ಆ ಎರಡು ದಿನ ಬೀಗದಕೈ ಅವಳದು. ಚಿಕ್ಕಮ್ಮ ಕೈಗುಣದ ಕಥೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅದಕ್ಕೊಂದು ಕುದುರೆ ಸೇರಿಸಿಕೊಂಡಳು, ಅಷ್ಟೇ.

ಹೋದ ತಿಂಗಳು ನಾನು ಅವನನ್ನು ಕರೆದುಕೊಂಡು ಬರಲು ಸಂಸ್ಥೆಗೆ ಹೋಗಿದ್ದೆ. ವಿಷದ ದಿನಗಳು. ಚಿಕ್ಕಪ್ಪ ಕಾರಿಡಾರಿನಲ್ಲಿ ನಿಂತು, ಬಾಗಿಲಿನ ಗಾಜಿಗೆ ಹಣೆ ಒತ್ತಿ, ಬೀಗ ಹಾಕಿದ ಪೆಟ್ಟಿಗೆಯನ್ನು ನೋಡುತ್ತಿದ್ದ. ಕೈಯಲ್ಲಿದ್ದ ಊಟದ ಡಬ್ಬಿ ಬಿಚ್ಚಿರಲಿಲ್ಲ. ಹೋಗೋಣವೇ ಎಂದೆ. ಅವನಿಗೆ ಕೇಳಿಸಲಿಲ್ಲ.

"ಹಸಿವಾಗಲ್ಲ ಅವಕ್ಕೆ ಅಂತಾಳೆ ಆ ಹುಡುಗಿ" ಎಂದ. "ಎರಡು ದಿನ ಏನೂ ಆಗಲ್ವಂತೆ. ಓದಿದವಳು, ಇರಬಹುದು. ಆದ್ರೆ ಬಾಯಿ ಕಟ್ಟಿಹಾಕಿದ್ದೀವಲ್ಲೋ. ಹಸಿವಾದ್ರೂ ಹೇಗೆ ಹೇಳ್ತವೆ?"

ನಾನು ಡಬ್ಬಿ ಬಿಚ್ಚಿ ಅವನ ಕೈಗೆ ಕೊಟ್ಟೆ.